ನೋಡುವ ಕಣ್ಣು, ಓಡುವ ಕಾಲು

ಕಣ್ಣಿಗೂ ತೂಕವಿದೆ ಎಂಬುದನ್ನು ನಮ್ಮ ಅಜ್ಜಿಯಂದಿರು ಯಾವ ಪ್ರಯೋಗಶಾಲೆಗೂ ಹೋಗದೆ ತಿಳಿದುಕೊಂಡಿದ್ದರು. ತೊಟ್ಟಿಲ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಹೊಸ ಮನೆ ಏಳುವಾಗ ಎದುರಿಗೊಂದು ಬೆರ್ಚಪ್ಪ, ಮಕ್ಕಳು ಸಮಾರಂಭದಲ್ಲಿ ಹಾಡಿ ಕುಣಿದು ಮನೆಗೆ ಬಂದರೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುವುದು. ದೃಷ್ಟಿ ತಾಗುತ್ತದೆಯೋ ಇಲ್ಲವೋ ಎಂದು ವಾದಿಸಲು ನಾನು ಹೊರಟಿಲ್ಲ. ಆದರೆ ಆ ನಂಬಿಕೆಯ ಹಿಂದೆ ಒಂದು ಹಳೆಯ ಅನುಭವವಿದೆ: ಒಬ್ಬಳೇ ಇರುವಾಗಿನ ಮನುಷ್ಯಳೂ ನಾಲ್ಕು ಜನ ನೋಡುತ್ತಿರುವಾಗಿನ ಮನುಷ್ಯಳೂ ಒಂದೇ ಅಲ್ಲ. ನೋಟ ಬಿದ್ದ ಕೂಡಲೇ ಕೈ ಬದಲಾಗುತ್ತದೆ, ಧ್ವನಿ ಬದಲಾಗುತ್ತದೆ, ಕಾಲಿನ ವೇಗವೂ ಬದಲಾಗುತ್ತದೆ. ಇದನ್ನು ಗಡಿಯಾರ ಹಿಡಿದು ಅಳೆಯಲು ತೊಡಗಿ ಸುಮಾರು ನೂರಿಪ್ಪತ್ತೈದು ವರ್ಷಗಳಾದವು. ಆ ಕತೆಯನ್ನು ನಾನು ತಿಳಿದದ್ದು ಶಾಲೆಯ ಆಟದ ಬಯಲಿನ ದಾರಿಯಾಗಿ.

ಸುಳ್ಯದಿಂದ ಮಡಿಕೇರಿಗೆ ಹೋಗುವ ಬಸ್ಸು ಘಾಟಿ ಏರುವ ಮೊದಲು ಸಿಗುವ ಊರು ನಮ್ಮ ಸಂಪಾಜೆ. ಒಂದು ಕಾಲು ದಕ್ಷಿಣ ಕನ್ನಡದಲ್ಲಿ, ಇನ್ನೊಂದು ಕೊಡಗಿನಲ್ಲಿ ಇಟ್ಟುಕೊಂಡ ಊರು. ಪಕ್ಕದಲ್ಲಿ ಪಯಸ್ವಿನಿ, ಸುತ್ತ ಅಡಿಕೆ ತೋಟ, ಮೇಲೆ ರಬ್ಬರು, ಅದರ ಮೇಲೆ ಕಾಡು. ಇಲ್ಲಿ ಸಮತಟ್ಟಾದ ನೆಲಕ್ಕೆ ಬರಗಾಲ. ನೂರು ಮೀಟರಿನ ನೇರ ಓಟದ ದಾರಿ ಬೇಕೆಂದರೆ ಗುಡ್ಡವನ್ನೇ ತರಿಯಬೇಕು. ಆದರೆ ಮಕ್ಕಳ ಕಾಲು ಗಟ್ಟಿ. ಬೆಳಿಗ್ಗೆ ಇಳಿಜಾರು, ಸಂಜೆ ಏರು, ಮಳೆಗಾಲದಲ್ಲಿ ಕಾಲುಸಂಕ. ಇಂಥ ಶಾಲೆಗಳಲ್ಲಿ ನಾನು ಮೂವತ್ತು ವರ್ಷ ಪಾಠ ಹೇಳಿದವಳು. ಪಿ.ಟಿ. ಮಾಸ್ಟ್ರು ಇಲ್ಲದ ಕಡೆಗಳಲ್ಲಿ ವಿಸಿಲ್ಲೂ ನನ್ನ ಕೊರಳಿಗೇ ಬಿತ್ತು.

ಮಕ್ಕಳ ದೇಹದಾರ್ಢ್ಯವನ್ನು ಅಳೆಯುವ ಆಸೆ ನಮ್ಮ ಸರಕಾರಕ್ಕೆ ಇಂದು ನಿನ್ನೆ ಹುಟ್ಟಿದ್ದಲ್ಲ. 1953ರಲ್ಲಿ ಅಮೆರಿಕದ ಕ್ರಾಸ್ ಎಂಬ ವೈದ್ಯರೂ ಅವರ ಜತೆಗಾರ್ತಿಯೂ ಒಂದು ಲೆಕ್ಕ ಪ್ರಕಟಿಸಿದರು. ಅವರ ಸರಳ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕನ್ ಮಕ್ಕಳು ಸೋತಿದ್ದರು. ಯುರೋಪಿನ ಮಕ್ಕಳಲ್ಲಿ ಸೋತವರು ಹತ್ತಕ್ಕೆ ಒಬ್ಬರೂ ಇರಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಗಾಬರಿಯಾಗಿ 1956ರಲ್ಲಿ ಅದಕ್ಕಾಗಿಯೇ ಒಂದು ಮಂಡಳಿ ಮಾಡಿದರು. ನಮ್ಮಲ್ಲಿಯೂ 1959–60ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ರಾಷ್ಟ್ರೀಯ ದೈಹಿಕ ದಕ್ಷತಾ ಅಭಿಯಾನವನ್ನು ಆರಂಭಿಸಿತು. ಈಗ 2019ರಿಂದ ಫಿಟ್ ಇಂಡಿಯಾ ಬಂದಿದೆ. 50 ಮೀಟರ್ ಓಟ, 600 ಮೀಟರ್ ಓಟ, ಕುಳಿತು ಮುಂದಕ್ಕೆ ಬಾಗುವುದು, ದಂಡ ಹೊಡೆಯುವುದು, ಎಲ್ಲದಕ್ಕೂ ಒಂದೊಂದು ಅಂಕಿ. ಪಟ್ಟಿಯಲ್ಲಿ ಓಡಿದವಳ ಹೆಸರಿಗೆ ಜಾಗವಿದೆ, ವಯಸ್ಸಿಗೆ ಜಾಗವಿದೆ, ತೂಕಕ್ಕೆ ಜಾಗವಿದೆ. ಅವಳು ಓಡುವಾಗ ಯಾರು ನೋಡುತ್ತಿದ್ದರು ಎಂದು ಬರೆಯಲು ಮಾತ್ರ ಜಾಗವಿಲ್ಲ.

ಅಂಥದೊಂದು ಜಾಗ ಇರಬೇಕಿತ್ತು ಎಂದು ನನಗೆ ಅನ್ನಿಸಿದ್ದು ಎಂಟನೆಯ ತರಗತಿಯ ಒಬ್ಬ ಹುಡುಗಿಯಿಂದ. ಲಲಿತೆ ಎಂದಿಟ್ಟುಕೊಳ್ಳಿ. ಮನೆ ರಬ್ಬರ್ ತೋಟದ ಆಚೆ, ತಾಯಿ ಬೀಡಿ ಕಟ್ಟುವವರು. ಬೆಳಗಿನ ಗಂಟೆ ಹೊಡೆಯುವ ಹೊತ್ತಿಗೆ ಗುಡ್ಡದಿಂದ ಚೀಲ ಕುಣಿಸುತ್ತ ಅವಳು ಇಳಿದು ಬರುವುದನ್ನು ನೋಡಬೇಕಿತ್ತು, ನೀರು ಇಳಿದ ಹಾಗೆ. ಆದರೆ 600 ಮೀಟರಿನ ಪರೀಕ್ಷೆಯ ದಿನ ಅದೇ ಹುಡುಗಿ ಒಂದು ಸುತ್ತು ಮುಗಿಸುವ ಮೊದಲೇ ಓಟ ಬಿಟ್ಟು ನಡೆದಳು. ಶಾಲನ್ನು ಎಳೆದುಕೊಳ್ಳುತ್ತ, ತಲೆ ತಗ್ಗಿಸಿ ನಡೆದಳು.

"ಎಂತ ಆಯ್ತು? ಹೊಟ್ಟೆನೋವಾ?"

"ಏನಿಲ್ಲ ಟೀಚರ್."

"ಮತ್ತೆ ಯಾಕೆ ನಿಂತದ್ದು?"

ಬಹಳ ಹೊತ್ತಿನ ಮೇಲೆ ಮಾತು ಹೊರಟಿತು: "ಎಲ್ರೂ ನೋಡ್ತಾರೆ ಟೀಚರ್."

ಬಯಲಿನ ಅಂಚಿನ ಗೋಡೆಯ ಮೇಲೆ ದೊಡ್ಡ ತರಗತಿಯ ಹುಡುಗರು ಸಾಲಾಗಿ ಕೂತಿದ್ದರು. ಅದರಾಚೆ ರಸ್ತೆ, ರಸ್ತೆಯಲ್ಲಿ ಅಂಗಡಿ, ಅಂಗಡಿಯ ಬೆಂಚಿನ ತುಂಬ ಜನ. ನಾನು ಹೆಡ್‌ಮಾಸ್ಟರ್ ಹತ್ತಿರ ಇನ್ನೊಂದು ಅವಕಾಶ ಕೇಳಿದೆ. ಅವರು ಒಪ್ಪಿದರು. ಮರುವಾರ ಗಂಟೆಗೆ ಮೊದಲೇ, ಹುಡುಗಿಯರನ್ನು ಮಾತ್ರ ಕರೆಸಿ, ಇಬ್ಬಿಬ್ಬರಾಗಿ ಓಡಿಸಿದೆವು. ಉಳಿದವರು ಗೆರೆಯ ಬಳಿ ನಿಂತು ಹೆಸರು ಹಿಡಿದು ಕೂಗಿದರು. ಲಲಿತೆಯ ಹೊತ್ತು ಮೊದಲಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ಇಳಿಯಿತು. ಒಂದೇ ಹುಡುಗಿ, ಅವೇ ಕಾಲು, ಅದೇ ಬಯಲು, ಒಂದು ವಾರದ ಅಂತರ. ಎರಡೂ ಅಂಕಿಗಳು ನಿಜವೇ. ಹಾಗಾದರೆ ಅವಳ ಶಕ್ತಿ ಯಾವುದು?

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನಶ್ಶಾಸ್ತ್ರ ಓದುತ್ತಿದ್ದ ನನ್ನ ಅಣ್ಣನ ಮಗಳು ಮಂಗಳೂರಿನಿಂದ ಪುಸ್ತಕಗಳನ್ನು ತಂದುಕೊಟ್ಟಳು. ಓದುತ್ತ ಹೋದಂತೆ ಇದರಲ್ಲಿ ಅರ್ಧ ನಮಗೆ ಗೊತ್ತಿದ್ದದ್ದೇ ಅಲ್ಲವೇ ಎನ್ನಿಸಿತು. ಅಡಿಕೆ ಸುಲಿಯುವ ಮನೆಗಳಲ್ಲಿ ನೀವು ಕೂತಿದ್ದರೆ ನಿಮಗೂ ಅನ್ನಿಸೀತು. ಒಬ್ಬಳೇ ಕೂತರೆ ಒಂದು ಬುಟ್ಟಿ ಮುಗಿಯುವಷ್ಟರಲ್ಲಿ ಆಕಳಿಕೆ ಬರುತ್ತದೆ. ನಾಲ್ವರು ಕೂತರೆ ಮಾತೂ ಓಡುತ್ತದೆ, ಕತ್ತಿಯೂ ಓಡುತ್ತದೆ. ಪಕ್ಕದವಳ ರಾಶಿ ಏರುವುದನ್ನು ಕಣ್ಣಂಚಿನಲ್ಲಿ ನೋಡುತ್ತ ನಮ್ಮ ಕೈ ತಾನಾಗಿ ಚುರುಕಾಗುತ್ತದೆ. ಬೀಡಿ ಕಟ್ಟುವ ಹೆಂಗಸರು ಮಧ್ಯಾಹ್ನ ಯಾರದಾದರೂ ಜಗಲಿಯಲ್ಲಿ ಸೇರುವುದು ಬರೀ ಹರಟೆಗೆ ಎಂದು ತಿಳಿದವರಿಗೆ ಲೆಕ್ಕ ಗೊತ್ತಿಲ್ಲ ಎಂದೇ ಅರ್ಥ.

ಈ ಜಗಲಿಯ ಸತ್ಯವನ್ನು ಮೊದಲು ಪ್ರಯೋಗಕ್ಕೆ ತಂದವನು ಅಮೆರಿಕದ ಇಂಡಿಯಾನಾದ ನಾರ್ಮನ್ ಟ್ರಿಪ್ಲೆಟ್. ಸೈಕಲ್ ಪಂದ್ಯಗಳ ಹುಚ್ಚಿನವನು. ಒಬ್ಬನೇ ಗಡಿಯಾರದ ವಿರುದ್ಧ ಸೈಕಲ್ ತುಳಿಯುವವನಿಗಿಂತ ಜತೆಯಲ್ಲಿ ಇನ್ನೊಬ್ಬನಿದ್ದರೆ ವೇಗ ಹೆಚ್ಚು ಎಂಬುದನ್ನು ಪಂದ್ಯಗಳ ದಾಖಲೆಗಳಿಂದ ತೋರಿಸಿದ. ಬಳಿಕ ನಲವತ್ತು ಮಕ್ಕಳನ್ನು ಕರೆದು ಮೀನಿನ ಗಾಳದ ದಾರ ಸುತ್ತುವ ರಾಟೆಯನ್ನು ತಿರುಗಿಸಲು ಹೇಳಿದ, ಒಮ್ಮೆ ಒಂಟಿಯಾಗಿ, ಒಮ್ಮೆ ಜೋಡಿಯಾಗಿ. 1898ರಲ್ಲಿ ಅವನು ಪ್ರಕಟಿಸಿದ ಫಲಿತಾಂಶವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ: ಜತೆಯಿದ್ದರೆ ಕೈ ಚುರುಕು. ಆದರೆ ಅವನ ಲೆಕ್ಕದ ಉಳಿದರ್ಧವನ್ನು ಹೇಳುವವರು ಕಡಿಮೆ. ಚುರುಕಾದವರು ಇಪ್ಪತ್ತು ಮಕ್ಕಳು ಮಾತ್ರ. ಹತ್ತು ಮಕ್ಕಳಿಗೆ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಇನ್ನು ಹತ್ತು ಮಕ್ಕಳು ಗಡಿಬಿಡಿಯಾಗಿ ಒಂಟಿಯಾಗಿದ್ದಾಗಿಗಿಂತ ಕೆಟ್ಟದಾಗಿ ಮಾಡಿದರು. ನಾಲ್ವರಲ್ಲಿ ಒಬ್ಬರು! ನಮ್ಮ ಲಲಿತೆಯರು ಆ ಹತ್ತರಲ್ಲಿ ಇದ್ದರು.

ಹೀಗೇಕೆ ಎಂಬ ಒಗಟು ಬಹುಕಾಲ ಬಿಡಲಿಲ್ಲ. 1965ರಲ್ಲಿ ರಾಬರ್ಟ್ ಝಯೊಂಕ್ ಎಂಬ ವಿದ್ವಾಂಸ ಒಂದು ಉತ್ತರ ಕೊಟ್ಟ. ಯಾರಾದರೂ ಎದುರಿಗಿದ್ದರೆ ಮೈ ಒಳಗಿಂದ ಎಚ್ಚರಗೊಳ್ಳುತ್ತದೆ. ಚೆನ್ನಾಗಿ ರೂಢಿಯಾದ ಕೆಲಸವಾದರೆ ಆ ಎಚ್ಚರ ಅದನ್ನು ಇನ್ನಷ್ಟು ಚೆನ್ನಾಗಿ ಮಾಡಿಸುತ್ತದೆ. ಹೊಸತಾಗಿ ಕಲಿಯುತ್ತಿರುವ, ತೊಡಕಿನ ಕೆಲಸವಾದರೆ ಕೆಡಿಸುತ್ತದೆ. ಇದನ್ನು ಸಾಧಿಸಲು ಅವನೂ ಅವನ ಜತೆಗಾರರೂ 1969ರಲ್ಲಿ ಯಾರನ್ನು ಓಡಿಸಿದರು ಗೊತ್ತೇ? ನಮ್ಮ ಅಡುಗೆಮನೆಯ ಶತ್ರು ಜಿರಳೆಯನ್ನು. ದೀಪ ಹಾಕಿದರೆ ಜಿರಳೆ ಓಡುತ್ತದಷ್ಟೆ. ನೇರ ದಾರಿಯಲ್ಲಿ, ಬೇರೆ ಜಿರಳೆಗಳು ಪ್ರೇಕ್ಷಕರಾಗಿದ್ದಾಗ ಅದು ಬೇಗ ಓಡಿತು. ಅಡ್ಡದಾರಿ ಇರುವ ಚಕ್ರವ್ಯೂಹದಲ್ಲಿ ಪ್ರೇಕ್ಷಕರಿದ್ದಾಗ ತಡವಾಯಿತು. ನೆಂಟರ ಎದುರು ದಿನದ ಸಾರು ಎಂದಿಗಿಂತ ರುಚಿಯಾಗುವುದೂ ಮೊದಲ ಬಾರಿ ಮಾಡಿದ ಹೊಸ ತಿಂಡಿ ಹದಗೆಡುವುದೂ ಇದೇ ನಿಯಮದಿಂದ ಎಂದು ನಾನು ನಂಬಿದ್ದೇನೆ.

ಆದರೆ ಮನುಷ್ಯರು ಜಿರಳೆಗಳಲ್ಲವಲ್ಲ. ಎದುರಿಗೆ ಇರುವುದು ಮುಖ್ಯವೋ, ನೋಡುವುದು ಮುಖ್ಯವೋ? 1968ರಲ್ಲಿ ಕಾಟ್ರೆಲ್ ಎಂಬವನು ಪ್ರೇಕ್ಷಕರ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ. ಆಗ ಅವರಿದ್ದದ್ದರಿಂದ ಯಾವ ಪರಿಣಾಮವೂ ಕಾಣಲಿಲ್ಲ. 1983ರಲ್ಲಿ ಇನ್ನಿಬ್ಬರು ಸಂಶೋಧಕರು ಇದನ್ನೇ ಓಟಗಾರರ ಮೇಲೆ ನೋಡಿದರು. ದಿನಾ ಓಡುವವರ ದಾರಿಯ ಪಕ್ಕದಲ್ಲಿ ಒಬ್ಬ ಹೆಂಗಸನ್ನು ಕೂರಿಸಿ, ಓಡುವವರಿಗೆ ತಿಳಿಯದಂತೆ ಗಡಿಯಾರ ಹಿಡಿದರು. ಆಕೆ ಬೆನ್ನು ತಿರುಗಿಸಿ ಕೂತಾಗ ಓಟದಲ್ಲಿ ವ್ಯತ್ಯಾಸವಿಲ್ಲ. ಓಡುವವರ ಕಡೆ ಮುಖ ಮಾಡಿ ಕೂತಾಗ ವೇಗ ಏರಿತು. ಅಂದರೆ ಕೆಲಸ ಮಾಡುವುದು ಬರೀ ಇರವಲ್ಲ, 'ನನ್ನನ್ನು ಇವರು ಅಳೆಯುತ್ತಿದ್ದಾರೆ' ಎಂಬ ಭಾವ. ಜಗಲಿಯಲ್ಲಿ ಸರಾಗವಾಗಿ ಓಡುವ ಕೈ ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ನೋಡುವ ಹೊತ್ತಿಗೆ ಬೆವರುವುದೂ ಇದಕ್ಕೇ.

ಯಾರೂ ಅಳೆಯದಿದ್ದರೆ ಏನಾಗುತ್ತದೆ? ಅದಕ್ಕೂ ಒಂದು ಹಳೆಯ ಲೆಕ್ಕವಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ 1880ರ ದಶಕದಲ್ಲಿ ಜನರಿಂದ ಹಗ್ಗ ಎಳೆಸಿ ಬಲ ಅಳೆದ. 1913ರಲ್ಲಿ ಅವನು ಪ್ರಕಟಿಸಿದ ಪ್ರಕಾರ ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬನ ಪಾಲು ಅವನ ಒಂಟಿ ಬಲದ ಅರ್ಧದಷ್ಟೇ ಆಗಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಒಂದು ಕಾರಣ. ತನ್ನ ಪಾಲು ಯಾರಿಗೂ ಕಾಣಿಸದು ಎಂಬ ಸಡಿಲಿಕೆ ಇನ್ನೊಂದು ಎಂದು ಮುಂದಿನವರು ತೋರಿಸಿದರು. ನಮ್ಮ ಕಡೆಯ ಹಗ್ಗಜಗ್ಗಾಟದ ತಂಡಗಳಲ್ಲಿ ಪಕ್ಕದಲ್ಲಿ ನಿಂತು ಒಬ್ಬೊಬ್ಬನ ಹೆಸರು ಹಿಡಿದು ಕೂಗುವವನೊಬ್ಬ ಇರುತ್ತಾನಲ್ಲ, ಅವನು ರಿಂಗೆಲ್ಮನ್ನನ ಹೆಸರು ಕೇಳಿರಲಾರ. ಆದರೆ ಮದ್ದು ಅವನಿಗೆ ಗೊತ್ತಿದೆ.

ಈ ಚರಿತ್ರೆಯಲ್ಲಿ ಹೆಂಗಸರೇ ನಾಯಕಿಯರಾದ ಒಂದು ಅಧ್ಯಾಯವೂ ಇದೆ. ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಟೆಲಿಫೋನಿನ ಬಿಡಿಭಾಗ ಜೋಡಿಸುವ ಆರು ಯುವತಿಯರನ್ನು 1927ರಲ್ಲಿ ಬೇರೆ ಕೋಣೆಯಲ್ಲಿ ಕೂರಿಸಿ, ಅವರ ಕೆಲಸವನ್ನು ವರ್ಷಗಟ್ಟಲೆ ಗಮನಿಸಿದರು. ವಿಶ್ರಾಂತಿ ಕೊಟ್ಟರು, ತಿಂಡಿ ಕೊಟ್ಟರು, ಹೊತ್ತು ಕಡಿಮೆ ಮಾಡಿದರು. ಕೆಲಸ ಏರುತ್ತಲೇ ಹೋಯಿತು. ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಎಂಬುದೇ ಇದಕ್ಕೆ ಕಾರಣವೆಂದು ಮುಂದೆ ಪುಸ್ತಕಗಳು ಬರೆದವು. 1958ರ ಬಳಿಕ ಅದಕ್ಕೆ ಆ ಕಾರ್ಖಾನೆಯ ಹೆಸರೇ ಅಂಟಿತು. ಆದರೆ ಪೂರ್ತಿ ಕತೆ ಅಷ್ಟು ಸಲೀಸಲ್ಲ. ಆ ಯುವತಿಯರ ಕೂಲಿಯ ಲೆಕ್ಕವೂ ಬದಲಾಗಿತ್ತು. ಮಾತು ಜಾಸ್ತಿ ಎಂದು ಇಬ್ಬರನ್ನು ತೆಗೆದು ಬೇರೆಯವರನ್ನು ಹಾಕಿದ್ದರು. ಅದೇ ಕಾರ್ಖಾನೆಯ ದೀಪದ ಬೆಳಕಿನ ಪ್ರಯೋಗಗಳ ಹಳೆಯ ಅಂಕಿಗಳನ್ನು 2011ರಲ್ಲಿ ಮತ್ತೆ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಹೇಳಿಕೊಂಡಷ್ಟು ಪವಾಡ ಅಲ್ಲಿ ಇರಲಿಲ್ಲ ಎಂದರು. ನೋಟಕ್ಕೆ ಬಲವಿದೆ, ಸರಿ. ಹಾಗೆಂದು ಹೊಟ್ಟೆಗೆ ಹಾಕಬೇಕಾದ್ದನ್ನು ಹಾಕದೆ ಬರೀ ನೋಡುತ್ತ ಕೂತರೆ ಕೆಲಸ ಸಾಗದು.

ನೋಡುವವರ ಕಣ್ಣಿಗೇ ರೋಗವಿದ್ದರೆ ಏನಾಗುತ್ತದೆ ಎಂಬುದಕ್ಕೆ 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್ ಸಾಕ್ಷಿ. ಹೆಂಗಸರ ಓಟಗಳಿಗೆ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಜಾಗ ಸಿಕ್ಕಿದ್ದು ಆ ವರ್ಷ. 800 ಮೀಟರಿನಲ್ಲಿ ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದು ವಿಶ್ವದಾಖಲೆ ಮಾಡಿದಳು. ಎರಡನೆಯವಳು ಜಪಾನಿನ ಹಿತೋಮಿ ಕಿನುಯೆ. ಓಡಿದವರು ಒಂಬತ್ತು ಮಂದಿ, ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಮುಟ್ಟಿದ ಮೇಲೆ ಕೆಲವರು ದಣಿದು ಹುಲ್ಲಿನ ಮೇಲೆ ಬಿದ್ದುಕೊಂಡರು. ಗಂಡಸರೂ ಹಾಗೆ ಬೀಳುವುದುಂಟು. ಆದರೆ ಪತ್ರಿಕೆಯವರು ಕಂಡದ್ದೇ ಬೇರೆ: ಹನ್ನೊಂದು ಹೆಂಗಸರು ಓಡಿದರಂತೆ, ಐವರು ನಡುವಿನಲ್ಲೇ ಬಿಟ್ಟರಂತೆ, ಉಳಿದವರು ಕುಸಿದರಂತೆ. ಆ ಕಣ್ಣಿನ ಸಾಕ್ಷಿಯ ಮೇಲೆ ಹೆಂಗಸರ 800 ಮೀಟರ್ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 1960ರ ರೋಮ್ ಒಲಿಂಪಿಕ್ಸಿನಲ್ಲಿ. ಮೂವತ್ತೆರಡು ವರ್ಷ! ಒಂದು ತಲೆಮಾರಿನ ಹುಡುಗಿಯರು ಓಡಬಹುದಾಗಿದ್ದ ಓಟ ನೋಡುವವರ ಕಣ್ಣಿನಲ್ಲಿ ಸಿಕ್ಕಿಬಿದ್ದಿತ್ತು. ಅಂದಿನ ಚಲನಚಿತ್ರದ ಸುರುಳಿ ಉಳಿದದ್ದರಿಂದ ಸತ್ಯ ಹೊರಬಿತ್ತು.

ನಮ್ಮ ಜಿಲ್ಲೆಯ ಕತೆಯೊಂದನ್ನೂ ಹೇಳಬೇಕು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅದನ್ನು ಯಾರೋ ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟನ ದಾಖಲೆ 9.58. ದೇಶವೆಲ್ಲ ಗುಲ್ಲಾಯಿತು. ಕೇಂದ್ರದ ಕ್ರೀಡಾ ಸಚಿವರು ಅವರನ್ನು ಬೆಂಗಳೂರಿನ ಕ್ರೀಡಾ ಪ್ರಾಧಿಕಾರಕ್ಕೆ ಪರೀಕ್ಷೆಗೆ ಕರೆಸಿದರು. ಗೌಡರು ಒಪ್ಪಲಿಲ್ಲ. ಕಾಲಿಗೆ ಪೆಟ್ಟಾಗಿದೆ, ತನಗೆ ರೂಢಿಯಾಗಿರುವುದು ಕೆಸರಿನ ಕರೆ, ಹಿಮ್ಮಡಿ ಊರುವ ಓಟ ಬೇರೆ, ತುದಿಗಾಲಿನ ಓಟ ಬೇರೆ ಎಂಬುದು ಅವರ ವಿವರಣೆ. ಆ ಹೊತ್ತಿನಲ್ಲಿ ಇದನ್ನು ಅಳುಕು ಎಂದು ಆಡಿಕೊಂಡವರಿದ್ದರು. ನನಗೆ ಅದು ತಿಳಿವಳಿಕೆಯಾಗಿ ಕಂಡಿತು. ಕಂಬಳದಲ್ಲಿ ಕೋಣಗಳ ಎಳೆತವಿದೆ, ಅದನ್ನು ಲೆಕ್ಕದವರು ಮರೆತರು. ಎರಡೂ ಬದಿಯಲ್ಲಿ ಸಾವಿರಾರು ಜನರ ಬೊಬ್ಬೆಯಿದೆ, ವಾದ್ಯವಿದೆ, ಪ್ರೀತಿಯಿದೆ, ಅದನ್ನೂ ಮರೆತರು. ಝಯೊಂಕನ ಭಾಷೆಯಲ್ಲಿ ಅದು ಚಿಕ್ಕಂದಿನಿಂದ ರೂಢಿಯಾದ ಕೆಲಸ, ತನ್ನವರ ಕಣ್ಣೆದುರು. ಬೆಂಗಳೂರಿನಲ್ಲಿ ಅದು ಹೊಸ ನೆಲ, ಮುಳ್ಳಿನ ಬೂಟು, ಸುತ್ತ ಕೆಮರಾ, ಜತೆಗೆ ಅಳೆದು ನೋಡಲೆಂದೇ ನಿಂತವರ ಕಣ್ಣು. ಅಲ್ಲಿ ಅವರ ಕಾಲನ್ನು ಅಳೆದಂತೆ ಆಗುತ್ತಿರಲಿಲ್ಲ, ಅಪರಿಚಿತ ನೋಟವನ್ನು ಅವರು ಎಷ್ಟು ತಡೆದುಕೊಳ್ಳುತ್ತಾರೆ ಎಂದು ಅಳೆದಂತೆ ಆಗುತ್ತಿತ್ತು.

ನೋಡುವವರೇ ಇಲ್ಲದ ಕಾಲವನ್ನೂ ನಾವು ಕಂಡೆವು. ಕೊರೋನಾದ ದಿನಗಳಲ್ಲಿ ಫುಟ್‌ಬಾಲ್ ಪಂದ್ಯಗಳು ಖಾಲಿ ಮೈದಾನದಲ್ಲಿ ನಡೆದವು. 2021ರ ಬೇಸಗೆಯಲ್ಲಿ ಟೋಕಿಯೋ ಒಲಿಂಪಿಕ್ಸ್ ಬಹುಪಾಲು ಪ್ರೇಕ್ಷಕರಿಲ್ಲದೆಯೇ ಮುಗಿಯಿತು. ಯುರೋಪಿನ ಪಂದ್ಯಗಳ ಲೆಕ್ಕ ತೆಗೆದವರಿಗೆ ಎರಡು ಸಂಗತಿ ಕಂಡಿತು. ತವರಿನ ತಂಡಕ್ಕೆ ಇರುತ್ತಿದ್ದ ಅನುಕೂಲ ಕುಗ್ಗಿತ್ತು. ಹೊರಗಿನಿಂದ ಬಂದ ತಂಡಕ್ಕೆ ರೆಫರಿ ತೋರಿಸುತ್ತಿದ್ದ ಹಳದಿ ಕಾರ್ಡುಗಳೂ ಕಡಿಮೆಯಾಗಿದ್ದವು. ಜನರ ಬೊಬ್ಬೆ ಆಟಗಾರನ ಕಾಲಿಗೆ ಮಾತ್ರವಲ್ಲ, ತೀರ್ಪುಗಾರನ ಕೈಗೂ ತಾಗುತ್ತಿತ್ತು!

ಹಾಗಾದರೆ ಪರೀಕ್ಷೆ ನಡೆಸುವವರು ಏನು ಮಾಡಬೇಕು? ಉತ್ತರ ಕಷ್ಟದ್ದೇನಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಂತ್ರದ ಪಟ್ಟಿಯ ಮೇಲೆ ಓಡುವವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಹುರಿದುಂಬಿಸುವ ಮಾತೇ ಇಲ್ಲ. ಉಳಿದವಕ್ಕೆ 20, 60, 180 ಸೆಕೆಂಡುಗಳಿಗೊಮ್ಮೆ ಮಾತು. 20 ಮತ್ತು 60 ಸೆಕೆಂಡುಗಳಿಗೊಮ್ಮೆ 'ಭೇಷ್, ಇನ್ನೂ ಸ್ವಲ್ಪ' ಎಂದು ಕೇಳಿಸಿಕೊಂಡವರು ಹೆಚ್ಚು ಹೊತ್ತು ಓಡಿದರು, ಅವರ ಮೈ ಹೀರಿಕೊಂಡ ಆಮ್ಲಜನಕವೂ ಹೆಚ್ಚು. ಮೂರು ನಿಮಿಷಕ್ಕೊಮ್ಮೆ ಎಂದದ್ದು ಏನೂ ಅನ್ನದ್ದಕ್ಕೆ ಸಮವಾಯಿತು. ಅಂದಮೇಲೆ ಒಬ್ಬ ಟೀಚರ್ ಕೂಗಿ ಓಡಿಸಿದ ಶಾಲೆಯ ಅಂಕಿಯನ್ನೂ ಇನ್ನೊಬ್ಬರು ಸುಮ್ಮನೆ ನಿಂತ ಶಾಲೆಯ ಅಂಕಿಯನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸುವುದು ನ್ಯಾಯವಲ್ಲ. ಕೂಗುವುದಾದರೆ ಎಲ್ಲರಿಗೂ ಒಂದೇ ಬಗೆಯಲ್ಲಿ ಕೂಗಬೇಕು. ನೋಡುವವರು ಯಾರಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಬೇಕು. ಮಗು ಆ ಓಟವನ್ನು ಮೊದಲು ನಾಲ್ಕು ಸಲ ಯಾರ ಹಂಗೂ ಇಲ್ಲದೆ ಓಡಿ ರೂಢಿ ಮಾಡಿಕೊಂಡಿರಬೇಕು. ಕಲಿಯುವಾಗ ಏಕಾಂತ, ಕಲಿತ ಮೇಲೆ ಜನ. ನೂರಿಪ್ಪತ್ತೈದು ವರ್ಷಗಳ ಪ್ರಯೋಗಗಳ ಸಾರ ಇಷ್ಟೇ ಎಂದರೂ ತಪ್ಪಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಉಳಿಯುತ್ತದೆ. ಮಂಗಳೂರಿನ ಮೈದಾನಗಳಲ್ಲಿ ಪಳಗಿದ, ಕೊಡಗು ಮೂಲದ ಎಂ.ಆರ್. ಪೂವಮ್ಮ 2014ರ ಇಂಚಿಯೋನ್ ಮತ್ತು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಗಳಲ್ಲಿ 4×400 ಮೀಟರ್ ರಿಲೇಯ ಚಿನ್ನ ಗೆದ್ದ ತಂಡಗಳಲ್ಲಿದ್ದರು. ಟಿ.ವಿ.ಯಲ್ಲಿ ಆ ಓಟ ಕಂಡ ಮೇಲೆ ಹುಡುಗಿಯರು ಓಡಬಾರದು ಎಂದು ಬಾಯಿಬಿಟ್ಟು ಹೇಳುವವರು ನಮ್ಮ ಪೇಟೆಗಳಲ್ಲಿ ಕಡಿಮೆಯಾಗಿದ್ದಾರೆ. ಆದರೆ ಬಾಯಿ ಹೇಳದ್ದನ್ನು ಕಣ್ಣು ಹೇಳುತ್ತದೆ. ಹದಿಮೂರು ಹದಿನಾಲ್ಕರ ಹುಡುಗಿಗೆ ತನ್ನ ಮೈಯೇ ಹೊಸತು. ಆಗ ಬೀಳುವ ಒಂದು ತಪ್ಪು ನೋಟ ಅವಳನ್ನು ಬಯಲಿನಿಂದ ಹೊರಗಟ್ಟಲು ಸಾಕು.

ಹುಡುಗಿಯರ ಪರೀಕ್ಷೆಯಿಂದ ನೋಡುವವರನ್ನೆಲ್ಲ ಓಡಿಸಬೇಕು ಎಂದು ನಾನು ಹೇಳುತ್ತಿಲ್ಲ. ಗೋಡೆ ಎತ್ತರಿಸಿದರೆ ಪರೀಕ್ಷೆ ಮುಗಿಯಬಹುದು, ಲಜ್ಜೆ ಮುಗಿಯುವುದಿಲ್ಲ. ಬೇಕಾದ್ದು ಬೇರೆ ಕಣ್ಣುಗಳು. ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂರುವ ತಾಯಂದಿರಲ್ಲಿ ಎಷ್ಟು ಮಂದಿ ಕ್ರೀಡಾಕೂಟದ ಬೆಳಿಗ್ಗೆ ಬಯಲಿಗೆ ಬರುತ್ತಾರೆ? ನನ್ನ ಮೂವತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟು. ತಿಂಡಿ ಕೆಲಸ ಮುಗಿಯದ್ದು ಒಂದು ಕಾರಣ, ನಮಗೇನು ತಿಳಿಯುತ್ತದೆ ಎಂಬುದು ಇನ್ನೊಂದು. ತಿಳಿಯಬೇಕಾದ್ದೇನೂ ಇಲ್ಲ. ಒಂದು ಕೊಡೆ, ಒಂದು ಬಾಟಲಿ ನೀರು ಹಿಡಿದು ಗೆರೆಯ ಬದಿಯಲ್ಲಿ ನಿಲ್ಲಿ. ನಿಮ್ಮ ಮಗಳು ಕೊನೆಯವಳಾಗಿ ಬಂದರೂ ಮುಖ ತಿರುಗಿಸಬೇಡಿ; ಬೆನ್ನು ತಿರುಗಿಸಿ ಕೂತ ಪ್ರೇಕ್ಷಕಿಯಿಂದ ಪ್ರಯೋಜನವಿಲ್ಲ ಎಂದು 1983ರಲ್ಲೇ ಸಾಬೀತಾಗಿದೆ. ಪಕ್ಕದ ಮನೆಯ ಮಗುವಿನ ಹೆಸರು ಗೊತ್ತಿದ್ದರೆ ಅದನ್ನೂ ಕೂಗಿ. ಒಂದು ನಿಮಿಷಕ್ಕೆ ಒಮ್ಮೆಯಾದರೂ ಕೂಗಿ.